ನಿಂಬೆ ನಿಲ್ಲುವುದಿಲ್ಲ

ಜೂನ್ ೩, ಸೋಮವಾರ

ಬಂದು ಕೈಕಾಲು ತೊಳೆಯುವ ಮೊದಲೇ ದೊಡ್ಡಮ್ಮ ನನ್ನ ಸೂಟ್‌ಕೇಸು ತೆಗೆಸಿದರು. ಗುಲಾಬಿ ಕಾಗದದಲ್ಲಿ ಸುತ್ತಿದ್ದ ಹೊಸ ಸೋಪು ಹೊರಗೆ ಬಂತು. ಹೊರಡುವಾಗ ಅಮ್ಮ ಇಟ್ಟದ್ದು. ಅದರ ಹಿಂದೆ ತಲೆಗೆಣ್ಣೆ, ಪೌಡರು, ತುಟಿಗೆ ಹಚ್ಚುವ ಡಬ್ಬಿ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ಎರಡು ಗಂಟು ಹಾಕಿ, ಬೀರುವಿನ ತಲೆಯ ಮೇಲೆ ಇಟ್ಟುಬಿಟ್ಟರು.

"ಇಲ್ಲಿರೋವರೆಗೂ ವಾಸನೆ ಇಲ್ಲದ ಸೋಪು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಕಿಟಕಿ ತೆಗೆಯೋ ಹಾಗಿಲ್ಲ, ರಸ್ತೆ ಹೊಗೆ ಬರುತ್ತೆ."

ಉಸಿರಾಡಬಹುದಾ ದೊಡ್ಡಮ್ಮ, ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನ ಇಂಥ ಮಾತುಗಳೆಲ್ಲ ಹುಟ್ಟುವುದೂ ಸಾಯುವುದೂ ಈ ಡೈರಿಯಲ್ಲೇ.

ಯಾಕೆ ಬಂದೆ ಎಂಬುದನ್ನು ಬರೆದಿಡುತ್ತೇನೆ. ಮುಂದೆಂದಾದರೂ ಓದಿದಾಗ ನನಗೇ ನಂಬಿಕೆ ಬರಬೇಕಲ್ಲ. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಈ ಸೆಂಟಿನ ಕಂಪನಿಯಲ್ಲಿ ಯಾವ ಎಣ್ಣೆಗೆ ಯಾವ ಎಣ್ಣೆ ಎಷ್ಟು ಬೆರೆಸಬೇಕೆಂದು ಗೊತ್ತುಮಾಡುವವರು ಅವರೇ. ಕೆಳಗೆ ಲ್ಯಾಬು, ಮೇಲೆ ಕಂಪನಿ ಕೊಟ್ಟ ಎರಡು ಕೋಣೆಯ ಮನೆ. ಜನ ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಮೂಗಮ್ಮ. ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ಜ್ವರ ಹೋಗುವಾಗ ಒಬ್ಬಂಟಿಯಾಗಿ ಹೋಗದೆ ಅವರ ಮೂಗಿನ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಈಗ ಅವರಿಗೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. ವಾಪಸು ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು.

ಇದು ಗೊತ್ತಿರುವುದು ನಮ್ಮ ಮೂವರಿಗೆ: ದೊಡ್ಡಮ್ಮ, ಅಮ್ಮ, ನಾನು. ಯಜಮಾನರಿಗೆ ಗೊತ್ತಾದರೆ ಕೆಲಸ ಹೋಯಿತು, ಮನೆಯೂ ಹೋಯಿತು. ಈ ಹೊತ್ತಿಗೇ ದೊಡ್ಡ ಆರ್ಡರೊಂದು ಬಂದಿದೆ. ಜುಲೈ ಎರಡಕ್ಕೆ ತೋರಿಸಬೇಕು. ಅಲ್ಲಿಯವರೆಗೆ ನಾನು ಮೂಸಬೇಕು, ಮೂಸಿದ್ದನ್ನು ಮಾತಿನಲ್ಲಿ ಹೇಳಬೇಕು, ಆ ಮಾತು ಕೇಳಿ ಅವರು ಬೆರೆಸಬೇಕು.

"ನೀನು ಸಾಹಿತ್ಯ ಓದಿದವಳು, ಮಾತಿಗೇನು ಬರ?" ಎಂದಳು ಅಮ್ಮ. "ಹೇಗೂ ಆ ಕಾಲೇಜಿನವರು ಇನ್ನೂ ಏನೂ ಹೇಳಿಲ್ಲ. ಒಂದು ತಿಂಗಳು ತಾನೇ."

ಬರೆಯುವ ಮಾತು ಬೇರೆ, ಆಡುವ ಮಾತು ಬೇರೆ. ಇದನ್ನೂ ಹೇಳಲಿಲ್ಲ.


ಜೂನ್ ೫, ಬುಧವಾರ

ಯಜಮಾನರು ಬಂದು ಆರ್ಡರು ವಿವರಿಸಿದರು. ಕೈ ಆಡಿಸದೆ ಅವರಿಗೆ ಮಾತು ಬರುವುದಿಲ್ಲ.

"ಊಟ ಆದ್ಮೇಲೆ ತಟ್ಟೇಲಿ ಬರುತ್ತಲ್ಲ ಮೇಡಂ, ನಿಂಬೆ ಕ್ರೀಮಿನ ಕೇಕು, ಅದು ಬೇಕು. ಹೂವಿನ ವಾಸನೆ ಎಲ್ಲರ ಹತ್ರಾನೂ ಇದೆ. ಇದನ್ನ ಹಚ್ಕೊಂಡು ಬಸ್ ಹತ್ತಿದ್ರೆ ಪಕ್ಕದ ಸೀಟಿನವರಿಗೆ ಹಸಿವಾಗ್ಬೇಕು."

"ಹಸಿದವರ ಪಕ್ಕ ಯಾಕೆ ಸರ್ ಕೂರಿಸ್ತೀರಿ? ಕಚ್ಚಿಬಿಟ್ರೆ?" ಎಂದರು ದೊಡ್ಡಮ್ಮ.

ಅವರು ನಕ್ಕು ನನ್ನತ್ತ ತಿರುಗಿದರು. "ಇವರು?"

"ನನ್ನ ತಂಗಿ ಮಗಳು. ಎಂ.ಎ. ಮಾಡಿದಾಳೆ. ಡಬ್ಬಿ ಮೇಲೆ ಬರೆಯೋಕೆ ನಾಲ್ಕು ಸಾಲು ಬೇಕಲ್ಲ, ಅದಕ್ಕೆ. ಮೂಸೋದನ್ನೂ ಸ್ವಲ್ಪ ಕಲೀಲಿ ಅಂತ."

"ಬರೀರಮ್ಮ ಎಂ.ಎ., ಬಾಯಲ್ಲಿ ನೀರು ಬರೋ ಹಾಗೆ ಬರೀರಿ." ಇನ್ನು ಮೇಲೆ ನನ್ನ ಹೆಸರು ಎಂ.ಎ.

ಅವರು ಹೋದ ಮೇಲೆ ಮೊದಲ ಪಾಠ. ಉದ್ದನೆಯ ತೆಳ್ಳಗಿನ ಕಾಗದದ ಪಟ್ಟಿಯ ತುದಿಯನ್ನು ನಿಂಬೆ ಎಣ್ಣೆಯಲ್ಲಿ ಅದ್ದಿ, ಹಿಂದುಗಡೆ ಸೀಸದಕಡ್ಡಿಯಲ್ಲಿ ನಂಬರು ಬರೆದು ಕೊಟ್ಟರು.

"ಹೇಳು."

"ಬೆಳಗಿನ ಬಿಸಿಲಿನ ಹಾಗೆ... ಯಾರೂ ಇಲ್ಲದ ರಸ್ತೇಲಿ ಒಬ್ಬಳೇ ಹುಡುಗಿ ನಡ್ಕೊಂಡು ಹೋದ ಹಾಗೆ..."

"ಆ ಹುಡುಗಿ ನಡೀತಾ ಇರ್ಲಿ, ನಾವು ಕೆಲಸ ಮಾಡೋಣ. ಮೂಗಲ್ಲಿ ಎಲ್ಲಿ ತಾಗುತ್ತೆ?"

"ಮೇಲೆ. ಕಣ್ಣಿನ ಕೆಳಗೆ."

"ಚುಚ್ಚುತ್ತೋ, ಸವರುತ್ತೋ?"

"ಚುಚ್ಚುತ್ತೆ."

"ಹಾಂ. ಈಗ ಮಾತಾಡಿದೆ ನೋಡು."

ಟೀ ಕುಡಿದು ಬರುವಷ್ಟರಲ್ಲಿ ಪಟ್ಟಿಯಲ್ಲಿ ಏನೂ ಉಳಿದಿರಲಿಲ್ಲ. ಸುಳ್ಳು ಹೇಳಿದೆನೇನೋ ಎಂದು ನನಗೇ ಗಾಬರಿಯಾಯಿತು. ದೊಡ್ಡಮ್ಮ ನಕ್ಕರು. "ನಿಂಬೆ, ಕಿತ್ತಳೆ ಇವೆಲ್ಲ ಮದುವೆಮನೆಗೆ ಬರೋ ದೊಡ್ಡಮನುಷ್ಯರಿದ್ದ ಹಾಗೆ. ಎಲ್ಲರಿಗಿಂತ ಮುಂಚೆ ಮುಖ ತೋರಿಸಿ, ಎಲ್ಲರಿಗಿಂತ ಮುಂಚೆ ಎದ್ದು ಹೋಗ್ತವೆ. ಹಿಡಿದು ಕೂರಿಸೋಕಾಗಲ್ಲ. ಹೋದಮೇಲೂ ಇಲ್ಲೇ ಎಲ್ಲೋ ಇದೆ ಅನ್ನಿಸೋ ಹಾಗೆ ಮಾಡೋದಷ್ಟೇ ನಮ್ಮ ಕೆಲಸ."

ಬಾಗಿಲು ಕಿಟಕಿ ಮುಚ್ಚಿದ ಈ ಕೋಣೆಯಿಂದ ಇಷ್ಟು ಸಲೀಸಾಗಿ ಹೊರಬೀಳುವುದು ಆ ನಿಂಬೆಯೊಂದೇ.


ಜೂನ್ ೧೦, ಸೋಮವಾರ

ಮೊದಲ ಮಿಶ್ರಣವನ್ನು ಪ್ಯಾಕಿಂಗ್ ವಿಭಾಗದ ಹೆಂಗಸರಿಗೆ ಮೂಸಲು ಕೊಟ್ಟರು. ಯಾವ ಹೊಸ ವಾಸನೆಯಾದರೂ ಮೊದಲು ಅವರ ಮುಂದೆ ಇಡುವುದು ಈ ಕಂಪನಿಯ ಪದ್ಧತಿ. ಏನೆಂದು ಮುಂಚೆ ಹೇಳುವ ಹಾಗಿಲ್ಲ.

ಅವರಲ್ಲಿ ಹಿರಿಯಳನ್ನು ಎಲ್ಲರೂ ಕನ್ನಡಕದಕ್ಕ ಎನ್ನುತ್ತಾರೆ. ಮೂಸಿದವಳೇ ಪಟ್ಟಿಯನ್ನು ದೂರ ಹಿಡಿದಳು. "ಅಯ್ಯೋ, ಪಾತ್ರೆ ಸೋಪು!"

"ಹೌದು ಕಣಕ್ಕ, ನಮ್ಮನೆ ಸಿಂಕು!"

"ಇದನ್ನ ಹಚ್ಕೊಂಡು ಗಂಡನ ಮುಂದೆ ನಿಂತ್ರೆ ಎಂಜಲು ತಟ್ಟೆ ತಂದು ಕೈಗೆ ಕೊಡ್ತಾನೆ ಅಷ್ಟೇ."

ನಕ್ಕೂ ನಕ್ಕೂ ಒಬ್ಬಳು ಡಬ್ಬಿಗಳ ರಾಶಿಯನ್ನೇ ಕೆಡವಿದಳು. ಯಜಮಾನರ ಮುಖ ಸಣ್ಣಗಾಯಿತು. ದೊಡ್ಡಮ್ಮ ಮಾತ್ರ, ಇದೇ ಉತ್ತರಕ್ಕೆ ಕಾದಿದ್ದವರ ಹಾಗೆ ತಲೆಯಾಡಿಸಿದರು. ಮೇಲೆ ಬಂದ ಮೇಲೆ ನನ್ನನ್ನು ಕೂರಿಸಿಕೊಂಡರು.

"ಶನಿವಾರ ಚೆನ್ನಾಗಿದೆ ಅಂದೆಯಲ್ಲ?"

"ಚೆನ್ನಾಗಿತ್ತು ದೊಡ್ಡಮ್ಮ."

"ಕೇಕಿನ ಹಾಗಿತ್ತಾ?"

ಕೇಕಿನ ಹಾಗಿದೆಯೇ ಎಂದು ನಾನು ಕೇಳಿಕೊಂಡೇ ಇರಲಿಲ್ಲ. ಬೇಗ ಮುಗಿದರೆ ಸಾಕಿತ್ತು. ಬೇಗ ಮುಗಿಸಲು ಹೇಳಿದ ಒಂದು ಮಾತು ಎಲ್ಲವನ್ನೂ ಮೊದಲಿಗೆ ತಂದು ನಿಲ್ಲಿಸಿದೆ.


ಜೂನ್ ೧೪, ಶುಕ್ರವಾರ

ಕಾಲೇಜಿನಿಂದ ಸಂದೇಶ ಬಂತು! ಉಪನ್ಯಾಸಕಿಯ ಕೆಲಸ ನನಗೇ. ಜೂನ್ ಮೂವತ್ತರೊಳಗೆ ಒಪ್ಪಿಗೆ ತಿಳಿಸಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೊಡುತ್ತಾರಂತೆ. ಜುಲೈ ಮೊದಲ ವಾರ ಸೇರಬೇಕು.

ಆ ಕಾಲೇಜಿನ ತರಗತಿಯನ್ನು ಸಂದರ್ಶನದ ದಿನ ನೋಡಿದ್ದೆ. ಎರಡೂ ಪಕ್ಕ ಕಿಟಕಿ. ಕಿಟಕಿಗಳೆಲ್ಲ ತೆರೆದಿದ್ದವು. ನೆನಪಿರುವುದು ಅದೊಂದೇ.

ದೊಡ್ಡಮ್ಮನಿಗೆ ಹೇಳಿದೆ. ಅವರು ಒಲೆಯ ಮುಂದಿದ್ದರು. ತಿರುಗಲಿಲ್ಲ.

"ಒಳ್ಳೇದಾಯ್ತು. ಒಪ್ಕೊಂಡೆ ಅಂತ ಈಗಲೇ ಕಳಿಸಿಬಿಡು."

"ಮತ್ತೆ ನೀವು?"

"ನಿನ್ನ ನಂಬ್ಕೊಂಡಾ ನಾನು ಮೂವತ್ತು ವರ್ಷ ಇಲ್ಲಿ ಕೆಲಸ ಮಾಡಿದ್ದು?"

ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅವರಿಗೆ ಈಗ ರುಚಿಯೂ ಸರಿಯಾಗಿ ತಿಳಿಯುವುದಿಲ್ಲ. ನಾನು ಏನೂ ಹೇಳದೆ ತಿಂದೆ. ಅವರೂ ತಿಂದರು.

'ಒಪ್ಪಿಗೆ ಇದೆ' ಎಂದು ಟೈಪು ಮಾಡಿದೆ. ಕಳಿಸಲಿಲ್ಲ. ಇನ್ನೂ ಹದಿನೈದು ದಿನ ಇದೆಯಲ್ಲ. ಮಿಶ್ರಣ ಒಂದು ಹದಕ್ಕೆ ಬಂದ ಮೇಲೆ ಕಳಿಸಿದರೆ ಅವರಿಗೂ ಸಮಾಧಾನ.


ಜೂನ್ ೧೮, ಮಂಗಳವಾರ

ನಿಂಬೆಗೆ ಸಕ್ಕರೆ ವಾಸನೆ ಸೇರಿಸಿದರೆ ಶರಬತ್ತು. ವೆನಿಲಾ ಸೇರಿಸಿದರೆ ಐಸ್‌ಕ್ರೀಂ, ಆದರೆ ಅದನ್ನು ಯಾರೋ ಸಿಂಕಿನಲ್ಲಿಟ್ಟು ಮರೆತ ಹಾಗೆ. ಇವತ್ತು ದೊಡ್ಡಮ್ಮ ಬೆಣ್ಣೆಯ ವಾಸನೆಯ ಸೀಸೆ ತೆಗೆದರು. ಒಂದು ತೊಟ್ಟು ಹೆಚ್ಚಾಯಿತು.

"ಹೇಳು."

"ಹೇಗೆ ಹೇಳ್ಲಿ..."

"ಕವಿತೆ ಬೇಡ."

"ಮಗು ಹಾಲು ಕಕ್ಕಿದೆ ದೊಡ್ಡಮ್ಮ. ಹೆಗಲ ಮೇಲೆ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜ್ವರದ ನಂತರ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. "ಸರಿಯಾಗೇ ಹೇಳಿದೆ. ಬೆಣ್ಣೆ ಜಾಸ್ತಿಯಾದ್ರೆ ಅದೇ ಗತಿ."

ಸಂಜೆ ಅಪ್ಪಣೆ ಪಡೆದು ರಸ್ತೆಯ ಕೊನೆಯ ಬೇಕರಿಗೆ ಹೋದೆ. ನಿಂಬೆ ಕೇಕಿನ ತಟ್ಟೆಯ ಮುಂದೆ ಸುಮ್ಮನೆ ನಿಂತಿದ್ದೆ.

"ಏನು ಬೇಕಮ್ಮ?" ಎಂದ ಅಂಗಡಿಯವ.

"ನೋಡ್ತಾ ಇದೀನಿ."

"ಮೂಗಲ್ಲಿ ನೋಡ್ತಿದೀರಲ್ಲ!"

ಕಿವಿಯವರೆಗೆ ಬಿಸಿಯಾಯಿತು. ಮೊದಲಾಗಿದ್ದರೆ ಓಡಿಬರುತ್ತಿದ್ದೆ. ಒಂದು ತುಂಡು ಕೊಂಡು ಅಲ್ಲೇ ಮುರಿದು ಮೂಸಿದೆ. ಮುರಿಯುವವರೆಗೆ ನಿಂಬೆ ಇರಲೇ ಇಲ್ಲ. ಮೊದಲು ಬೆಣ್ಣೆ, ಆಮೇಲೆ ಕಂದುಬಣ್ಣಕ್ಕೆ ತಿರುಗಿದ ಅಂಚು, ಅದರ ನಡುವಿನಿಂದ ನಿಂಬೆ, ಅದೂ ರಸವಲ್ಲ, ಸಿಪ್ಪೆ. ಬರುವಾಗ ದಾರಿಯಲ್ಲಿ ಹೊಳೆಯಿತು. ಪಾತ್ರೆ ಸೋಪಿನ ನಿಂಬೆ ಜಿಡ್ಡನ್ನು ಓಡಿಸುತ್ತದೆ. ತಟ್ಟೆಯ ನಿಂಬೆ ಜಿಡ್ಡಿನ ಮಡಿಲಲ್ಲೇ ಕೂತಿರುತ್ತದೆ.

ದೊಡ್ಡಮ್ಮನಿಗೆ ಹೇಳಿದೆ. ಅವರು ನಿಂಬೆಯ ಸೀಸೆಯನ್ನು ಬೆಣ್ಣೆಯ ಸೀಸೆಯ ಹಿಂದಕ್ಕೆ ಸರಿಸಿದರು. "ಹಾಗಾದ್ರೆ ಬೆಣ್ಣೆ ಮುಂದೆ ಬರ್ಬೇಕು, ನಿಂಬೆ ಹಿಂದೆ. ಆದ್ರೆ ನಿಂಬೆ ಯಾರ ಹಿಂದೇನೂ ನಿಲ್ಲೋದಲ್ಲ ಕಣೇ."

ಕಾಲೇಜಿಗೆ ನಾಳೆ ಕಳಿಸಬೇಕು.


ಜೂನ್ ೨೨, ಶನಿವಾರ



ನಾನು ಬಚ್ಚಲಿಗೆ ಹೋಗಿದ್ದ ಸ್ವಲ್ಪ ಹೊತ್ತಿನಲ್ಲಿ ಯಜಮಾನರು ಲ್ಯಾಬಿಗೆ ಬಂದಿದ್ದಾರೆ. ಯಾರಾದರೂ ಪಟ್ಟಿ ತಂದರೆ ನಾನು ಮೊದಲು ಮೂಸಿ, ಕಲಿಯುವವಳ ಹಾಗೆ ಜೋರಾಗಿ ಹೇಳುವುದು, ದೊಡ್ಡಮ್ಮ ಅದನ್ನು ತಿದ್ದಿದ ಹಾಗೆ ಮಾಡಿ ತಮ್ಮ ತೀರ್ಪು ಹೇಳುವುದು, ಇದು ನಮ್ಮ ಏರ್ಪಾಡು. ನಾನು ಬಾಗಿಲಿಗೆ ಬಂದಾಗ ದೊಡ್ಡಮ್ಮ ಕಣ್ಣು ಮುಚ್ಚಿ, ಪಟ್ಟಿಯನ್ನು ಮೂಗಿನ ಕೆಳಗೆ ಹಿಡಿದು, ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದರು.

"ನಿಂಬೆ ಇನ್ನೂ ಒಂದು ಕೂದಲೆಳೆ ಮುಂದಿದೆ ಸರ್. ಹಿಂದಕ್ಕೆ ತಳ್ಬೇಕು."

ಯಜಮಾನರ ಹುಬ್ಬು ಮೇಲೇರಿತ್ತು. ಅವರು ಪಟ್ಟಿಯನ್ನು ವಾಪಸು ತೆಗೆದುಕೊಂಡು ತಾವೂ ಮೂಸಿದರು, ತಿರುಗಿಸಿ ನೋಡಿದರು. ಆಗ ನನಗೂ ಕಂಡಿತು. ಹಿಂದುಗಡೆ ನಂಬರೇ ಇರಲಿಲ್ಲ, ತುದಿಯಲ್ಲಿ ಎಣ್ಣೆಯ ಕಲೆಯೂ ಇರಲಿಲ್ಲ. ಅದ್ದಿದ ಪಟ್ಟಿ, ಬೇಕೆಂದೋ ಕೈತಪ್ಪಿಯೋ, ಅವರ ಜೇಬಿನಲ್ಲೇ ಉಳಿದು, ಹೊಸ ಕಟ್ಟಿನ ಖಾಲಿ ಪಟ್ಟಿಯೊಂದು ಕೈಗೆ ಬಂದಿತ್ತು.

ದೊಡ್ಡಮ್ಮನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಆ ಮುಖದ ಮೇಲಿನ ಗಾಂಭೀರ್ಯ ನೋಡಲಾಗಲಿಲ್ಲ.

"ಸರ್," ಎಂದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ಖಾಲಿ ಪಟ್ಟಿ ಕೊಟ್ಟು ದೊಡ್ಡಮ್ಮನ್ನ ಪರೀಕ್ಷೆ ಮಾಡೋಕೆ ಬಂದ್ರಾ? ನೀವು ಚಾಪೆ ಕೆಳಗೆ ತೂರಿದ್ರೆ ಅವರು ರಂಗೋಲಿ ಕೆಳಗೆ ತೂರ್ತಾರೆ. ನೋಡಿ, ನಿಮ್ಮನ್ನೇ ಆಟ ಆಡಿಸಿಬಿಟ್ರು!"

ಒಂದು ಕ್ಷಣ. ಆಮೇಲೆ ಯಜಮಾನರು ಗಹಗಹಿಸಿ ನಕ್ಕರು. "ಸೋತೆ ಮೇಡಂ! ಎಂ.ಎ.ಗೂ ಬಾಯಿ ಇದೆ ಅಂತ ಇವತ್ತು ಗೊತ್ತಾಯ್ತು!" ಜೇಬು ತಡಕಿ ನಿಜವಾದ ಪಟ್ಟಿ ಕೊಟ್ಟು ಹೋದರು.

ದೊಡ್ಡಮ್ಮ ಸ್ಟೂಲಿನ ಮೇಲೆ ಕುಳಿತರು. ನಾನು ಹೊಗಳಿಕೆಗೆ ಕಾದೆನೋ, ಬೈಗುಳಕ್ಕೆ ಕಾದೆನೋ.

"ಖಾಲಿ ಇತ್ತಾ?" ಎಂದರು.

"ಹ್ಞೂಂ."

"ನಿಂಬೆ ಬಂದ ಹಾಗೇ ಇತ್ತು ಕಣೇ."

ಇನ್ನು ಅವರನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡುವ ಹಾಗಿಲ್ಲ. ಬಚ್ಚಲಿಗೆ ಹೋದರೂ ಕಿವಿ ಲ್ಯಾಬಿನ ಬಾಗಿಲಿನಲ್ಲೇ ಇರಬೇಕು.


ಜೂನ್ ೨೩, ಭಾನುವಾರ

ಕಿಟಕಿಯ ಗಾಜಿನ ಅಂಚಿಗೆಲ್ಲ ಟೇಪು ಅಂಟಿಸಿದ್ದಾರೆ. ಆಚೆ ಬದಿ ಇಬ್ಬರು ಹುಡುಗಿಯರು ಒಂದೇ ಸೈಕಲ್ಲಿನಲ್ಲಿ ಹೋದರು. ನಗುತ್ತಿದ್ದರು. ಕೇಳಿಸಲಿಲ್ಲ.


ಜೂನ್ ೨೬, ಬುಧವಾರ

ಅಮ್ಮನ ಫೋನು.

"ಕಾಲೇಜಿಗೆ ಕಳಿಸಿದೆಯಾ?"

"ನಾಳೆ ಕಳಿಸ್ತೀನಮ್ಮ."

"ನಿನ್ನ ನಾಳೆಗೆ ತಲೆ ನರೆಯುತ್ತೆ. ಅಕ್ಕ ಏನಾದ್ರೂ ಬೇಡ ಅಂದ್ಳಾ?"

"ಇಲ್ಲಮ್ಮ. ಕಳಿಸು ಅಂತಾನೇ ಹೇಳ್ತಾರೆ."

"ಮತ್ತೆ ನಿಂಗೇನು ಅಡ್ಡ?"

ನನಗೇನು ಅಡ್ಡ? ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೋದರೆ ಆ ಖಾಲಿ ಪಟ್ಟಿಯ ಮುಂದೆ ಅವರೊಬ್ಬರೇ. ಉಳಿದರೆ ಟೇಪು ಅಂಟಿಸಿದ ಕಿಟಕಿಯ ಹಿಂದೆ ನಾನೂ ಇನ್ನೊಬ್ಬ ಮೂಗಮ್ಮ. ಬೇಕಾದಷ್ಟು ಅತ್ತುಬಿಡೋಣ ಎಂದುಕೊಂಡೆ, ಆದರೆ ಅತ್ತರೆ ಮೂಗು ಕಟ್ಟುತ್ತದೆ, ನಾಳೆ ಆರು ಪಟ್ಟಿ ಮೂಸಬೇಕು.

ಮಧ್ಯಾಹ್ನ ಹಳೆಯ ಕಪಾಟಿನಲ್ಲಿ ಒಂದು ಸಣ್ಣ ಸೀಸೆ ಸಿಕ್ಕಿತು. ಅದೂ ಬೆಣ್ಣೆಯ ವಾಸನೆಯೇ, ಆದರೆ ಮೊದಲಿನದರ ಹಾಗೆ ತಳದಲ್ಲಿ ಕೂರುವುದಿಲ್ಲ. ಮುಚ್ಚಳ ತೆಗೆದೊಡನೆ ಮೂಗಿನ ತುದಿಗೆ ಬಂದು, ಮರುಕ್ಷಣ ಇಲ್ಲ. ಹಾರುವ ಬೆಣ್ಣೆ! ನಿಂಬೆಗಿಂತ ಬೇಗ ಹೊರಡುವುದು ಇದೊಂದೇ. ಇದನ್ನು ಮುಂದೆ ಕಳಿಸಿದರೆ ನಿಂಬೆ ತಾನಾಗಿ ಎರಡನೆಯದಾಗುತ್ತದೆ. ತಳದ ಬೆಣ್ಣೆ ಅದನ್ನು ಹಿಂದಿನಿಂದ ಹಿಡಿದುಕೊಳ್ಳುತ್ತದೆ. ಮುಂದೊಂದು ಬೆಣ್ಣೆ, ಹಿಂದೊಂದು ಬೆಣ್ಣೆ, ನಡುವೆ ನಿಂಬೆ.

ದೊಡ್ಡಮ್ಮನಿಗೆ ಹೇಳಿದಾಗ ಅವರ ಕೈಯ ಪಾತ್ರೆ ಹಾಗೇ ನಿಂತಿತು. "ಆ ಸೀಸೆ ನಾನು ಮರೆತೇಬಿಟ್ಟಿದ್ದೆ," ಎಂದರು.


ಜೂನ್ ೨೮, ಶುಕ್ರವಾರ

ಜಗಳ.

"ಸುಟ್ಟ ಸಕ್ಕರೆ ಎರಡು ತೊಟ್ಟು," ಎಂದರು.

"ಬೇಡ ದೊಡ್ಡಮ್ಮ. ಸಕ್ಕರೆ ಬಂದ್ರೆ ನಿಂಬೆ ಮಿಠಾಯಿ ಆಗುತ್ತೆ. ಕೇಕಿನ ಅಂಚು ಬೇಕು. ಹುರಿದ ವಾಸನೆ."

"ನಾನು ಹೇಳಿದ್ದು ಹಾಕು."

"ನೀವು ಮೂಸಿಲ್ಲ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ತೊಟ್ಟಿಕ್ಕುವ ಕಡ್ಡಿಯನ್ನು ನನ್ನ ಮುಂದಿಟ್ಟು, ಕೈಕಟ್ಟಿಕೊಂಡು ಕುಳಿತರು. ನಾನು ಹುರಿದ ವಾಸನೆಯನ್ನೇ ಹಾಕಿದೆ, ಕಡ್ಡಿಯ ತುದಿಯಲ್ಲಿ ಅಂಟಿದಷ್ಟು. ನಿಂಬೆಯನ್ನು ಕಾಲುಭಾಗ ಇಳಿಸಿ ಸಿಪ್ಪೆಯ ಕಹಿಯನ್ನು ಏರಿಸಿದೆ.

ಹತ್ತಿರ ಬಂದಿದೆ. ಆದರೆ ಮುಂದಿನ ಬೆಣ್ಣೆಗೂ ನಿಂಬೆಗೂ ನಡುವೆ ಒಂದು ಸಂದು ಉಳಿದಿದೆ. ಆ ಸಂದಿನಲ್ಲಿ ಸಿಂಕು ಇಣುಕುತ್ತದೆ.


ಜೂನ್ ೩೦, ಭಾನುವಾರ

ಸಂದು ಮುಚ್ಚಿತು!

ಬೆಳಗ್ಗೆ ಕಾಫಿಯನ್ನೂ ಕುಡಿಯದೆ ಲ್ಯಾಬಿಗೆ ಇಳಿದೆ. ಭಾನುವಾರವಾದ್ದರಿಂದ ಯಾರೂ ಇರಲಿಲ್ಲ. ಆ ಸಂದಿಗೆ ಏನು ಬೇಕೆಂದು ಎದ್ದಾಗಲೇ ಗೊತ್ತಿತ್ತು: ಕಿತ್ತಳೆ. ಕಿತ್ತಳೆ ಎಂದು ಯಾರಿಗೂ ಗೊತ್ತಾಗದಷ್ಟು ಕಿತ್ತಳೆ. ನಿಂಬೆ ಒಬ್ಬಂಟಿಯಾಗಿದ್ದರೆ ಸೋಪು. ಪಕ್ಕದಲ್ಲಿ ಅದರ ದುಂಡನೆಯ ಅಕ್ಕ ಬಂದು ಕುಳಿತರೆ ಚೂಪು ಹೋಗಿ ಹಣ್ಣಾಗುತ್ತದೆ.

ದೊಡ್ಡಮ್ಮ ಕೆಳಗೆ ಬಂದು ಬಾಗಿಲಲ್ಲಿ ನಿಂತರು. "ಇವತ್ತು ಮೂವತ್ತು ಕಣೇ," ಎಂದರು. ಹ್ಞೂಂ ಎಂದೆ. ನಿಜ, ಎರಡನೇ ತಾರೀಖಿಗೆ ಬಹಳ ದಿನ ಉಳಿದಿಲ್ಲ. ಮೊದಲ ಪಟ್ಟಿಯಲ್ಲಿ ಕಿತ್ತಳೆ ಹೆಚ್ಚಾಗಿ ಜ್ಯೂಸಾಯಿತು. ಎರಡನೆಯದರಲ್ಲಿ ಕಡಿಮೆ. ನಾಲ್ಕನೆಯದು ಸರಿ ಎನಿಸಿತು, ಆದರೆ ಒಣಗಿದ ಮೇಲೆ ಅಂಚು ಸೀದ ಹಾಗಾಯಿತು. ಹುರಿದದ್ದನ್ನು ಅರ್ಧಕ್ಕೆ ಇಳಿಸಿದೆ.

ಊಟಕ್ಕೆ ಕರೆದರು. ತಟ್ಟೆಯನ್ನು ಅಲ್ಲಿಗೇ ತಂದು ಬಾಗಿಲ ಹೊರಗಿಟ್ಟರು. ಆಗಲೂ ಏನೋ ಕೇಳಿದರು, ಫೋನು ಎಲ್ಲಿ ಎಂದೋ ಏನೋ. ಮೇಲೆ ಇರಬೇಕು ಎಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಸಂಜೆಗೆ ಏಳನೆಯ ಪಟ್ಟಿ. ಬೆಣ್ಣೆ ಬಂತು, ಅದರ ಬೆನ್ನಿಗೇ ಮುರಿದ ಸಿಪ್ಪೆ, ಬಿಸಿ ಅಂಚು, ಕ್ರೀಮು. ನಿಂಬೆ ಹೋಯಿತು. ಆದರೆ ಹೋದದ್ದು ಗೊತ್ತಾಗಲಿಲ್ಲ. ಬಾಯಲ್ಲಿ ನೀರೂರಿತು. ನಾನು ಬೆಳಗ್ಗಿನಿಂದ ಏನೂ ತಿಂದಿಲ್ಲ ಎಂದು ಆಗ ನೆನಪಾಯಿತು. ತಣ್ಣಗಾದ ಅನ್ನವನ್ನು ನಿಂತೇ ತಿಂದೆ.


ಜುಲೈ ೧, ಸೋಮವಾರ

ಏಳನೆಯ ಪಟ್ಟಿ ಬೆಳಗ್ಗೆಯೂ ಕೇಕೇ. ತಳದಲ್ಲಿ ಕ್ರೀಮು ತುಸು ದಪ್ಪ. ಮುಟ್ಟುವುದಿಲ್ಲ.


ಜುಲೈ ೨, ಮಂಗಳವಾರ

ಮೊದಲು ಪ್ಯಾಕಿಂಗಿನವರು. ಕನ್ನಡಕದಕ್ಕ ಮೂಸಿದಳು, ಮತ್ತೆ ಮೂಸಿದಳು, ಸುತ್ತ ನೋಡಿದಳು.

"ಇದ್ರ ಜೊತೆ ಕಾಫಿ ಕೊಡಲ್ವಾ?" ಎಂದಳು.

ಯಜಮಾನರು ಕುಣಿಯುವುದೊಂದು ಬಾಕಿ. ಆರ್ಡರು ಕೊಟ್ಟವರು ಮಧ್ಯಾಹ್ನ ಬಂದು, ಪಟ್ಟಿಯನ್ನು ಕೈಯಲ್ಲೇ ಇಟ್ಟುಕೊಂಡು ಕಾರು ಹತ್ತಿದರು. "ನಿಮ್ಮ ಮೂಗಿಗೆ ಚಿನ್ನದ ಮೂಗುತಿ ಮಾಡಿಸ್ಬೇಕು ಮೇಡಂ!" ಎಂದರು ಯಜಮಾನರು.

"ಮೂಗಿಗಿಂತ ಮೂಗುತಿ ಭಾರ ಆಗುತ್ತೆ, ಬಿಡಿ ಸರ್." ದೊಡ್ಡಮ್ಮ ನಗಲಿಲ್ಲ.

ಸಂಜೆ ಅಮ್ಮನಿಗೆ ನಾನೇ ಫೋನು ಮಾಡಿ ಎಲ್ಲ ಹೇಳಿದೆ, ಹಾರುವ ಬೆಣ್ಣೆ, ಕಿತ್ತಳೆ, ಅಂಚು. ಅಮ್ಮ ಕೊನೆಯವರೆಗೂ ಕೇಳಿ, "ಅದಿರ್ಲಿ, ಕಾಲೇಜಿನವರು ಏನಂದ್ರು?" ಎಂದಳು.

ಮಾತು ಮುಗಿಸಿ ಫೋನಿನಲ್ಲಿ ಸಂದೇಶ ತೆಗೆದು ನೋಡಿದೆ. 'ಒಪ್ಪಿಗೆ ಇದೆ' ಎಂಬುದು ನಾನು ಟೈಪು ಮಾಡಿಟ್ಟ ಜಾಗದಲ್ಲೇ ಇತ್ತು. ಅದರ ಮೇಲೆ ಅವರದೊಂದು ಹೊಸ ಸಂದೇಶ, ನಿನ್ನೆಯದು: ನಿಮ್ಮಿಂದ ಉತ್ತರ ಬಾರದ ಕಾರಣ ಸ್ಥಾನವನ್ನು ಬೇರೆಯವರಿಗೆ ನೀಡಲಾಗಿದೆ.

ಇನ್ನು ಬರೆಯಲಾರೆ.


ಜುಲೈ ೩, ಬುಧವಾರ

ಕಾಲೇಜಿಗೆ ಫೋನು ಮಾಡಿ ಕೇಳಿದೆ, ಬೇಡಿಕೊಂಡೆ ಎಂದರೂ ಸರಿಯೇ. ಪ್ರಿನ್ಸಿಪಾಲರು ಸೌಮ್ಯವಾಗಿ, "ಅವರು ಬಂದು ಸೇರಿಯೂ ಆಯ್ತಮ್ಮ," ಎಂದರು. ಆ ಇನ್ನೊಬ್ಬಳು ಈಗ ಕಿಟಕಿಯ ಪಕ್ಕ ನಿಂತು ಪಾಠ ಮಾಡುತ್ತಿರಬೇಕು.

ದೊಡ್ಡಮ್ಮನ ಮುಂದೆ ಹೋಗಿ ನಿಂತೆ. "ನಿಮಗೆ ಗೊತ್ತಿತ್ತು. ನೀವು ಯಾಕೆ ಹೇಳ್ಲಿಲ್ಲ?"

"ಎರಡು ಸಲ ಹೇಳಿದೆ. ಬೆಳಗ್ಗೆ ತಾರೀಖು ಹೇಳಿದೆ, ಮಧ್ಯಾಹ್ನ ಫೋನು ಕೇಳಿದೆ."

"ಕೈ ಹಿಡಿದು ಎಳ್ಕೊಂಡು ಹೋಗ್ಬೇಕಿತ್ತು!"

"ಬೇಕಿತ್ತು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಮೂರನೇ ಸಲ ಹೇಳೋಷ್ಟು ಒಳ್ಳೆಯವಳಲ್ಲ ಕಣೇ ನಾನು. ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ. ನಾನೂ ಹೀಗೇ ಊಟ ಬಿಟ್ಟು ಕೂತಿರ್ತಿದ್ದೆ. ಕರೆಯೋಕೆ ಬಾಯಿ ಬರ್ಲಿಲ್ಲ."

ಏನೆಂದು ಬೈಯುವುದು? ಬೈದೆ. ಏನೇನೋ ಬೈದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಎದ್ದು, ಚಪ್ಪಲಿ ಮೆಟ್ಟಿ ಕೆಳಗೆ ಹೋದರು. ತಿರುಗಿ ಬಂದಾಗ ಮುಖ ಬಿಳಿಚಿತ್ತು.

"ಯಜಮಾನರಿಗೆ ಎಲ್ಲಾ ಹೇಳಿ ಬಂದೆ. ಮೂಗು ಹೋಗಿದೆ, ಕೇಕು ನಿನ್ನದು, ಅಂತ. ಇನ್ನು ಮುಚ್ಚಿಡೋದೇನೂ ಇಲ್ಲ. ನೀನು ಕಾವಲು ಕೂರೋದೂ ಬೇಡ. ಬಸ್ಸಿಗೆ ಹೋಗು."

"ಅವರು ಏನಂದ್ರು?"

"ಏನಂತಾರೆ? ಮೊದಲು ಕೂಗಾಡಿದ್ರು. ಆಮೇಲೆ ಆ ಪಟ್ಟಿ ಇನ್ನೊಂದು ಸಲ ಮೂಸಿದ್ರು. ಇಬ್ಬರೂ ಇದ್ರೆ ಕೆಲಸಾನೂ ಇರ್ಲಿ ಮನೇನೂ ಇರ್ಲಿ, ನಾನೊಬ್ಬಳೇ ಆದ್ರೆ ಯೋಚನೆ ಮಾಡ್ಬೇಕು ಅಂದ್ರು." ಚಪ್ಪಲಿ ಬಿಚ್ಚುತ್ತ, "ಅದು ನಿನಗೆ ಹೇಳ್ಬಾರದು ಅಂತಿದ್ದೆ. ಬಾಯಿ ತಪ್ಪಿ ಬಂತು," ಎಂದರು.

ಬಾಯಿ ತಪ್ಪಿ ಬರುವ ಮಾತೇ ಅವರಲ್ಲಿಲ್ಲ. ಒಂದು ಬಾಗಿಲು ತೆರೆದುಕೊಟ್ಟು, ಅದರ ಹೊಸ್ತಿಲ ಮೇಲೆ ತಾವೇ ಕುಳಿತಿದ್ದಾರೆ. ದಾಟಬೇಕಾದರೆ ಅವರನ್ನೇ ದಾಟಿ ಹೋಗಬೇಕು.

ನಾಡಿದ್ದು ಬೆಳಗಿನ ಬಸ್ಸಿಗೆ ಹೊರಡುತ್ತೇನೆ ಎಂದೆ. ಸರಿ ಎಂದರು.


ಜುಲೈ ೪, ಗುರುವಾರ

ಸೂಟ್‌ಕೇಸು ಕಟ್ಟಿದ್ದಾಯಿತು. ದೊಡ್ಡಮ್ಮ ಬೀರುವಿನ ಮೇಲಿನ ಪ್ಲಾಸ್ಟಿಕ್ ಚೀಲವನ್ನು ತಾವೇ ಇಳಿಸಿ, ಎರಡೂ ಗಂಟು ಬಿಚ್ಚಿ, ನನ್ನ ಹಾಸಿಗೆಯ ಮೇಲೆ ಇಟ್ಟು ಹೋದರು. ಕಿಟಕಿಯ ಒಂದು ಬದಿಯ ಟೇಪನ್ನೂ ಕಿತ್ತಿದ್ದರು. ಅದನ್ನು ಮಧ್ಯಾಹ್ನವೇ ನೋಡಿದೆ.

ಸೋಪನ್ನು ಕೈಗೆ ತೆಗೆದುಕೊಂಡೆ. ಇಡೀ ತಿಂಗಳು ಇದರ ಆಸೆ ಇತ್ತು. ಹೋಗುವ ಮುಂಚೆ ಮೈತುಂಬ ಹಚ್ಚಿಕೊಂಡು ಸ್ನಾನ ಮಾಡಬೇಕು, ಬಸ್ಸಿನಲ್ಲಿ ಎಲ್ಲರಿಗೂ ಗೊತ್ತಾಗುವಷ್ಟು. ಗುಲಾಬಿ ಕಾಗದ ಬಿಚ್ಚಿದೆ. ಗುಲಾಬಿ ಎಂದು ಬರೆದಿದೆ. ಗುಲಾಬಿ ಮೇಲಿನ ಪದರವಷ್ಟೇ, ಅದೂ ತೆಳ್ಳಗೆ. ಕೆಳಗೆ ಅಗ್ಗದ ನಿಂಬೆ, ಹಳತಾಗಿ ಸತ್ತದ್ದು, ಅದನ್ನು ಮುಚ್ಚಲು ಪೌಡರಿನ ಸಿಹಿ. ಎರಡೂ ಒಂದಕ್ಕೊಂದು ಬೆನ್ನು ತಿರುಗಿಸಿ ಕೂತಿವೆ. ಕಾಲುಭಾಗ ಕಿತ್ತಳೆ ಹಾಕಿದ್ದರೆ ಸರಿಹೋಗುತ್ತಿತ್ತು.

ಕಾಗದವನ್ನು ಮತ್ತೆ ಮಡಚಿ ಸುತ್ತಿದೆ. ವಾಸನೆ ಇಲ್ಲದ ಸೋಪಿನಲ್ಲೇ ಸ್ನಾನ ಮಾಡಿದೆ. ಇದನ್ನು ಊರಿಗೆ ಹೋಗಿ ಬಳಸಿದರಾಯಿತು.

ಕಿತ್ತ ಟೇಪಿನ ಬದಿಯಿಂದ ರಸ್ತೆಯ ಗಾಳಿ ಬರುತ್ತಿದೆ. ಡೀಸೆಲ್, ಧೂಳು, ಯಾರದೋ ಮನೆಯ ಬೆಳ್ಳುಳ್ಳಿ. ಹಾಗೇ ಬಿಟ್ಟರೆ ರಾತ್ರಿಯೆಲ್ಲ ಮೆಟ್ಟಿಲಿಳಿದು ಲ್ಯಾಬಿಗೂ ಹೋಗುತ್ತದೆ. ಟೇಪನ್ನು ಮತ್ತೆ ಅಂಟಿಸಿ, ಉಗುರಿನಿಂದ ಉಜ್ಜಿ ಕೂರಿಸಿದೆ.

ನಾಳೆ ಬಸ್ಸು ಬೆಳಗ್ಗೆ ಒಂಬತ್ತಕ್ಕೆ. ಅಷ್ಟರೊಳಗೆ ಏಳನೆಯ ಪಟ್ಟಿಯನ್ನು ಒಂದು ಸಲ ಮೂಸಿ ನೋಡಬೇಕು, ತಳದ ಕ್ರೀಮು ಇಳಿದಿದೆಯೋ ಇಲ್ಲವೋ. ಇಳಿಯದಿದ್ದರೆ ಹತ್ತೂವರೆಗೆ ಇನ್ನೊಂದು ಬಸ್ಸಿದೆ.